ಹೊಗೆಯ ತಪ್ಪಲ್ಲ

ಸ್ವಾನೆಕೆ, ಬೋರ್ನ್‌ಹೋಮ್
೨ ಸೆಪ್ಟೆಂಬರ್ ೨೦೧೬

ತಮ್ಮ ಆಸ್ಗರ್,

ಬರೆಯುವುದು ನನ್ನ ಕೆಲಸವಲ್ಲ. ಹದಿಮೂರಕ್ಕೇ ಶಾಲೆ ಬಿಟ್ಟು ಮೀನು ಸೀಳಲು ನಿಂತವಳು ನಾನು. ಆದರೆ ಆಸ್ಪತ್ರೆಯವರು ನಿನಗೆ ನೇರವಾಗಿ ತಿಳಿಸುವ ಹಾಗಿಲ್ಲವಂತೆ, ರೋಗಿಯೇ ಒಡಹುಟ್ಟಿದವರಿಗೆ ಹೇಳಬೇಕಂತೆ. ಇಪ್ಪತ್ತೆರಡು ವರ್ಷದಿಂದ ಮಾತು ಬಿಟ್ಟವನಿಗೆ ಏನು ಹೇಳಲಿ ಎಂದರೆ, ಆ ಡಾಕ್ಟರ್ ಹುಡುಗಿ ಸಿಗ್ನೆ ನನ್ನ ಮುಂದೆ ಪೆನ್ನಿಟ್ಟಳು.

ಮಾರ್ಚ್‌ನಲ್ಲಿ ಕ್ಯಾನ್ಸರ್ ಎಂದು ನನ್ನ ಜಠರವನ್ನು ಪೂರ್ತಿ ತೆಗೆದರು. ಅಯ್ಯೋ ಅನ್ನಬೇಡ. ದಿನಕ್ಕೆ ಎಂಟು ಸಲ ಗುಬ್ಬಿಯ ಹಾಗೆ ತಿನ್ನುತ್ತೇನೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಸಿಗ್ನೆ ಅಂದಳು: "ನೋಡಿ ಥೋರಾ, ಮೈಯೊಳಗಿನ ಜೀವಕಣಗಳು ಒಂದರ ಕೈ ಒಂದು ಹಿಡ್ಕೊಂಡಿರ್ತವೆ. ಹಾಗೆ ಹಿಡಿಸೋ ಜೀನ್ ಒಂದಿದೆ. ಅದು ಕೆಟ್ರೆ ಕೈ ಬಿಟ್ಟು ಒಂದೊಂದೇ ಅಲೆಯೋಕೆ ಹೊರಡ್ತವೆ. ಗಡ್ಡೆ ಕಟ್ಟಲ್ಲ, ಅದಕ್ಕೇ ಬಾಯಿಂದ ಕೊಳವೆ ಇಳಿಸಿ ನೋಡಿದ್ರೂ ಕಾಣೋದು ಕಷ್ಟ."

"ಗಂಟು ಬಿಚ್ಚಿದ ಬಲೆ ಅನ್ನಮ್ಮ, ಇಷ್ಟುದ್ದ ಯಾಕೆ?" ಅಂದೆ. ನಕ್ಕಳು.

ತೀರಿಹೋದ ನಮ್ಮ ತಂಗಿ ಎಲ್ನಾಳ ಜಠರದ ಚೂರೊಂದನ್ನು ಅವರು ಇನ್ನೂ ಇಟ್ಟುಕೊಂಡಿದ್ದರು. ಅದರಲ್ಲೂ ಇದೇ ಕೆಟ್ಟ ಜೀನ್. ಅಪ್ಪನಿಂದ ಬಂದಿರಬೇಕು, ಅವನು ಹೋದದ್ದೂ ಹೊಟ್ಟೆಯ ರೋಗದಲ್ಲೇ.

ಎಲ್ನಾಳನ್ನು ಮಣ್ಣು ಮಾಡಿ ಬಂದು ಎಲ್ಲರೂ ಕಾಫಿಗೆ ಕೂತಾಗ, "ನಿನ್ನ ಹೊಗೆಮೀನೇ ನಮ್ಮ ತಂಗೀನ ತಿಂತು ಕಣೋ" ಎಂದು ಊರೇ ಕೇಳುವಂತೆ ಕೂಗಿದವಳು ನಾನು. ಮರುದಿನವೇ ನೀನು ಮೀನಿಗೆ ಹೊಗೆ ಹಾಕುವ ಹೊಗೆಮನೆಯ ಬೆಂಕಿ ಆರಿಸಿ ರೋನೆ ಪಟ್ಟಣಕ್ಕೆ ಹೋಗಿಬಿಟ್ಟೆ. ಆ ತಪ್ಪು ನಿನ್ನದಲ್ಲ, ಹೊಗೆಯದೂ ಅಲ್ಲ. ಬರೆದಿದ್ದೇನೆ. ಇನ್ನೊಂದು ಸಲ ಬರೆಸಬೇಡ.

ಈಗ ಹೋಗಿ ಪರೀಕ್ಷೆಗೆ ರಕ್ತ ಕೊಡು. ಆ ಜೀನ್ ನಿನಗೆ ಬಂದಿರುವ, ಬಾರದಿರುವ ಸಂಭವ ಸಮಸಮ. ಬಂದಿಲ್ಲವೆಂದರೆ ನಿನ್ನಿಂದ ನಿನ್ನ ಮಗಳು ಬಿರ್ತೆಗೂ ಹೋಗಿಲ್ಲ. ಬಂದಿದ್ದರೆ ಅವಳನ್ನೂ ನೋಡಬೇಕು. ಅವಳಿಗೀಗ ಮೂವತ್ತೈದು. ಎಲ್ನಾ ಹೋದದ್ದು ಮೂವತ್ತೆಂಟಕ್ಕೆ. ಹೆದರಬೇಡ, ನನ್ನದನ್ನು ಹೊತ್ತು ಮೀರುವ ಮೊದಲೇ ಹಿಡಿದರು. ನಿಮ್ಮದನ್ನೂ ಹಿಡಿಯುತ್ತಾರೆ.

ನಿನ್ನ ಅಕ್ಕ,
ಥೋರಾ

ಮೇಲೆ ಬರೆಯಲು ಕೈ ಬಾರದ್ದು: ಕೊನೆಯ ವಾರ ಎಲ್ನಾ ನಿನ್ನ ಹೊಗೆಮನೆಯ ಹೆರಿಂಗ್ ಮೀನು ಬೇಕೆಂದಳು. ನೀನು ಬಾಗಿಲಿಗೇ ತಂದುಕೊಟ್ಟೆ. ನಾನು ಅದನ್ನು ಬೆಕ್ಕಿಗೆ ಹಾಕಿ, "ಆಸ್ಗರ್ ಬರಲೇ ಇಲ್ಲ ಕಣೇ" ಎಂದೆ. ಅವಳು ನಂಬಿದಳು. ನನ್ನನ್ನು ಬೈಯುವುದಿದ್ದರೆ ಬೈದು ಬರೆ, ಆದರೆ ರಕ್ತ ಕೊಟ್ಟ ಮೇಲೆ ಬರೆ. ಎರಡು ವಾರ ಕೊಟ್ಟಿದ್ದೇನೆ, ಸೆಪ್ಟೆಂಬರ್ ಹದಿನಾರರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.