ಇಳಿಸಿದ್ದು ಹೇಗಿತ್ತು?

ಸೆಪ್ಟೆಂಬರ್ 21, 2013. ಶನಿವಾರ, ಬೆಳಿಗ್ಗೆ

ಎತ್ತಿದೆ. ತಿರುಗಿಸಿದೆ. ಕುರ್ಚಿಗೆ ಇಳಿಸಿದೆ — ಇಳಿಸಿದೆ ಅನ್ನುವುದು ದೊಡ್ಡ ಮಾತು. ಧೊಪ್ಪೆಂದು ಬಿಟ್ಟೆ. ನನ್ನ ಹೆಂಡತಿ ವಸು ವೀಲ್‌ಚೇರಿನಲ್ಲಿ ಸರಿದು ಕೂತು ಕಾಫಿ ಕೇಳಿದಳು.

ನನ್ನ ಸೊಂಟ ಹಿಡಿದಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಅಗಲ ಬೆಲ್ಟನ್ನು ಅವಳ ನಡುವಿಗೆ ಕಟ್ಟಿ, ಒನ್ ಟೂ ತ್ರೀ ಎಂದು ಎಣಿಸಿ ಎತ್ತುತ್ತೇನೆ. ಆದರೂ ಅಕ್ಕಿಮೂಟೆ ಎತ್ತಿದ ಹಾಗಾಗುತ್ತದೆ. ಇರುವುದು ಹಿಡಿಯಷ್ಟು ಹೆಂಗಸು. ಈ ನರದ ಕಾಯಿಲೆ ಬಂದು ಆರು ವರ್ಷವಾಯಿತು, ಕಾಲು ಪೂರ್ತಿ ಮಾತು ಕೇಳದೆ ಒಂದು ವರ್ಷ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆವು. ಆಗಸ್ಟಿನಲ್ಲಿ ಗರಾಜಿನಲ್ಲಿ ಕಾರಿನಿಂದ ಇಳಿಸುವಾಗ ಕೈ ಜಾರಿ ಬಿದ್ದಳು. ಮೊಣಕೈ ತರಚಿತು, ಅಷ್ಟೇ. ಆದರೆ ಅಂದಿನಿಂದ ನಾನು ಮುಟ್ಟಿದ ಕೂಡಲೇ ಮೈ ಬಿಗಿಯಾಗುತ್ತದೆ. ಕತ್ತು ತಿರುಗಿಸಿ ಹಿಂದೆ ಕುರ್ಚಿ ಇದೆಯೇ ನೋಡುತ್ತಾಳೆ. ಕುರ್ಚಿ ಎಲ್ಲಿಗೆ ಹೋದೀತು?

ಡಾಕ್ಟರ ಹತ್ತಿರ ಬಿಟ್ಟರೆ ಮನೆಯಿಂದ ಹೊರಗೆ ಬಂದಿಲ್ಲ. ಗಣೇಶನ ಹಬ್ಬಕ್ಕೆ ಬಾಥೆಲ್ ದೇವಸ್ಥಾನಕ್ಕೂ ಬರಲಿಲ್ಲ. ನನ್ನ ಮೇಲೆ ನಂಬಿಕೆ ಹೋಗಿದೆ. ಬೇರೆ ಕಾರಣವಿಲ್ಲ.


ಸೆಪ್ಟೆಂಬರ್ 28. ಶನಿವಾರ, ಸಂಜೆ

ಬ್ಯಾಲೆ ನೃತ್ಯದ ಸೀಸನ್ನಿನ ಮೊದಲ ಮ್ಯಾಟಿನಿ. ಅವಳು ಬರಲ್ಲ ಎಂದ ಮೇಲೆ ನಾನೊಬ್ಬ ಹೋಗಿ ಏನು ಮಾಡಲಿ ಎಂದೆ. ಟಿಕೆಟ್ ದಂಡ ಮಾಡಬೇಡಿ, ನೋಡಿಕೊಂಡು ಬಂದು ಹೇಳಿ ಎಂದಳು. ಎದುರುಮನೆ ವೇದಾ ಬಂದು ವಸುವಿನ ಜೊತೆಗಿದ್ದರು. ಹೋದೆ.

ಬ್ಯಾಲೆ ನನಗೇನು ಗೊತ್ತು! ಹತ್ತು ವರ್ಷದ ಹಿಂದೆ ಆಫೀಸಿನಲ್ಲಿ ಯಾರಿಗೂ ಬೇಡವಾದ ಎರಡು ಟಿಕೆಟ್ ಸಿಕ್ಕಿದವು, ಹೋಗಿ ಕೂತೆವು. ಮಾರಿಟ್, ಡೇನಿಯಲ್ ವೇದಿಕೆಗೆ ಬಂದರು. ಹೆಸರು ಹೇಳಿದರೆ ಸಿಯಾಟಲ್ ಮುದುಕರ ಕಣ್ಣು ತುಂಬುವ ಜೋಡಿ ಅದು ಎಂದು ಆಗ ಗೊತ್ತಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಒಂದು ದಿನವೂ ಅಳದ ನನ್ನ ಹೆಂಡತಿ ಅಂದು ಬಿಕ್ಕಿ ಬಿಕ್ಕಿ ಅತ್ತಳು. ಯಾಕೆ ಎಂದರೆ ಹೇಳಲು ಬರಲಿಲ್ಲ. ಅಂದಿನಿಂದ ಪ್ರತಿ ಸೀಸನ್, ಸಾಲಿನ ತುದಿಯ ಅದೇ ಎರಡು ಸೀಟು. ಮಾರಿಟ್‌ಗೆ ಕೊಕ್ಕರೆ ಎಂದು ಹೆಸರಿಟ್ಟಳು, ಡೇನಿಯಲ್‌ಗೆ ಕಂಬ ಎಂದು.

ನಾನು ನಿದ್ದೆ ಮಾಡುತ್ತೇನೆ. ಇದು ಗುಟ್ಟೇನಲ್ಲ. ದೀಪ ಆರಿ ಪಿಟೀಲು ಶುರುವಾದರೆ ಮುಗಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾಳೆ ವಸು. ಅವರಿಬ್ಬರೇ ಕುಣಿಯುವ ಜಾಗ ಬಂದಾಗ ತೊಡೆ ಚಿವುಟಿ ಎಬ್ಬಿಸುತ್ತಾಳೆ. ಪ್ರತಿ ಸಲ ಕಿವಿಯಲ್ಲಿ ಅದೇ ಮಾತು — "ಎತ್ತೋದಲ್ಲ ರೀ, ಇಳಿಸೋದು ನೋಡಿ."

ಇಂದು ಚಿವುಟುವವರಿಲ್ಲ. ಕೂತ ಹತ್ತೇ ನಿಮಿಷಕ್ಕೆ ನಿದ್ದೆ ಹೋದೆ. ಪಕ್ಕೆಗೆ ಏನೋ ತಿವಿಯಿತು — ಆಚೆ ಸೀಟಿನ ಹಸಿರು ಸ್ವೆಟರ್ ಅಜ್ಜಿ. ವರ್ಷಗಳಿಂದ ಪಕ್ಕದಲ್ಲೇ ಕೂರುವ ಹೆಂಗಸು, ಹೆಸರು ಗೊತ್ತಿಲ್ಲ. ಪ್ರೋಗ್ರಾಂ ಪುಸ್ತಕ ಸುರುಳಿ ಸುತ್ತಿ ತಿವಿದಿದ್ದಳು. ನಿನ್ನ ಹೆಂಡತಿ ಎಬ್ಬಿಸುವ ಜಾಗ ಬಂತು ಎಂದು ಪಿಸುಗುಟ್ಟಿದಳು.  ಕಣ್ಣುಜ್ಜಿಕೊಂಡು ನೋಡಿದೆ.

ಮನೆಗೆ ಬಂದು ವಸುವಿಗೆ ಎಲ್ಲ ಹೇಳಿದೆ. ಬಿಳಿ ಡ್ರೆಸ್, ನೀಲಿ ಬೆಳಕು, ತಲೆಯ ಮೇಲೆ ಎತ್ತಿ ಹಿಡಿದದ್ದು. ಕೇಳಿಸಿಕೊಂಡಳು.

"ಇಳಿಸಿದ್ದು ಹೇಗಿತ್ತು?"

ನೋಡಿರಲಿಲ್ಲ. ಎತ್ತಿದ್ದನ್ನೇ ನೋಡುತ್ತಾ ಕೂತಿದ್ದೆ. ಹೋಗಲಿ ಬಿಡಿ ಎಂದು ಟಿವಿ ಹಾಕಿದಳು.


ಅಕ್ಟೋಬರ್ 17

ಆನ್-ಕಾಲ್ ವಾರ, ಆಫೀಸಿನ ಸಿಸ್ಟಮ್ ಕೆಟ್ಟರೆ ರಾತ್ರಿಯೂ ಎದ್ದು ನೋಡುವ ಸರದಿ. ಫೋನ್ ಮಧ್ಯರಾತ್ರಿ ಎರಡು ಸಲ ಬಡಿದುಕೊಂಡಿತು. 405 ಹೆದ್ದಾರಿಯಲ್ಲಿ ಟ್ರಾಫಿಕ್, ಈಸ್ಟ್‌ಗೇಟಿನ ಆಫೀಸು ತಲುಪುವ ಹೊತ್ತಿಗೆ ಮೊದಲ ಮೀಟಿಂಗ್ ಅರ್ಧ ಆಗಿತ್ತು. ಸುಸ್ತು... ಸುಸ್ತು ಎಂದು ಬರೆಯುವುದಕ್ಕೂ ಸುಸ್ತು.

ಸ್ಪಂದನಾ ಕಾಲೇಜಿನಿಂದ ಕಾಲ್ ಮಾಡಿದ್ದಳು. ಅಪ್ಪ, ಜಸ್ಟ್ ಹೈರ್ ಸಮ್‌ವನ್ ಎಂದಳು. ನೋಡೋಣ ಎಂದೆ. ಬೇರೆಯವರು ಎತ್ತಿದರೆ ವಸು ಬಿಗಿಯಾಗದೆ ಇದ್ದುಬಿಟ್ಟರೆ? ಆ ಭಯ. ಮಗಳಿಗೆ ಹೇಗೆ ಹೇಳಲಿ?

ಥಿಯೇಟರಿನಿಂದ ಮೇಲ್ ಬಂದಿದೆ. ಮಾರಿಟ್ ಮತ್ತು ಡೇನಿಯಲ್ ಜೂನಿನಲ್ಲಿ ನಿವೃತ್ತಿ. ಕೊನೆಯ ಪ್ರದರ್ಶನ ಒಟ್ಟಿಗೆ. ವಸು ಎರಡು ಸಲ ಓದಿದಳು. ನೀವು ಹೋಗಿ ಬನ್ನಿ ಎಂದಳು. ಹೋಗೋಣ ಎನ್ನಲಿಲ್ಲ.


ನವೆಂಬರ್ 9. ಶನಿವಾರ

ಮತ್ತೆ ಮ್ಯಾಟಿನಿ. ಮತ್ತೆ ನಿದ್ದೆ, ಮತ್ತೆ ಅಜ್ಜಿಯ ತಿವಿತ. ಈ ಸಲ ಇಳಿಸುವುದನ್ನು ನೋಡಲೇಬೇಕೆಂದು ಹಟ ಹಿಡಿದು ಕೂತೆ. ಮುಂದಿನ ಸಾಲಿನ ಉದ್ದ ಮನುಷ್ಯ ಅದೇ ಗಳಿಗೆಯಲ್ಲಿ ಮೂಗು ಒರೆಸಿಕೊಳ್ಳಲು ಎದ್ದು ಸರಿದ. ನನ್ನ ಹಣೆಬರಹ.

ಮುಗಿದ ಮೇಲೆ ಇಬ್ಬರೂ ವೇದಿಕೆಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಜನರ ಪ್ರಶ್ನೆಗೆ ಉತ್ತರ ಕೊಡುತ್ತಾರೆಂದು ಹೇಳಿದರು. ಪಾರ್ಕಿಂಗಿನಲ್ಲಿ ಕಾರುಗಳ ಸಾಲು ಕರಗಲಿ ಎಂದು ಕೂತೆ, ಬೇರೆ ಆಸಕ್ತಿಯಿಂದಲ್ಲ. ಹತ್ತಿರದಿಂದ ನೋಡಿದರೆ ಇಬ್ಬರಿಗೂ ವಯಸ್ಸಾಗಿದೆ. ಕೊಕ್ಕರೆ ಕಾಲಿಗೆ ಐಸ್ ಕಟ್ಟಿಕೊಂಡಿದ್ದಳು. ಕಂಬಕ್ಕೂ ನನ್ನ ಹಾಗೆ ಸೊಂಟ ನೋವಿರಬೇಕು, ಕೂರುವಾಗ ಮುಖ ಕಿವುಚಿದ. ಯಾಕೋ ಖುಷಿಯಾಯಿತು.

ಒಬ್ಬಳು ಹುಡುಗಿ ಕೇಳಿದಳು, ಎಂದಾದರೂ ಬೀಳಿಸಿದ್ದೀಯಾ ಎಂದು. ಬೇಕಾದಷ್ಟು ಸಲ ಎಂದ ಡೇನಿಯಲ್. ಎಲ್ಲರೂ ನಕ್ಕರು. ಆಮೇಲೆ ಹೇಳಿದ — ನಾನು ಅವಳನ್ನು ಎತ್ತುವುದೇ ಇಲ್ಲ, ಅವಳೇ ನೆಲ ಬಿಟ್ಟು ಹೊರಡುವುದಕ್ಕೆ ಕಾಯುತ್ತೇನೆ, ಅವಳು ಹೊರಟಾಗ ಜೊತೆಗಿರುತ್ತೇನೆ. ಮಾರಿಟ್ ಒಂದು ಮಾತು ಸೇರಿಸಿದಳು. ಅವನಿಗೆ ಕಷ್ಟವಾಗದಿರಲಿ ಎಂದು ನಾನು ಹಗುರವಾಗಲು ಹೋದ ದಿನಗಳಲ್ಲೇ ನಾನು ಅತಿ ಭಾರ ಎಂದಳು. ಅದು ನನಗೆ ಅರ್ಥವಾಗಲಿಲ್ಲ.

ಮನೆಗೆ ಬಂದು ಎರಡನ್ನೂ ಹೇಳಿದೆ. ವಸು ಈ ಸಲ ಇಳಿಸಿದ್ದು ಹೇಗಿತ್ತೆಂದು ಕೇಳಲಿಲ್ಲ. ಇನ್ನು ಮೇಲೆ ಒನ್ ಟೂ ತ್ರೀ ಇಲ್ಲ, ನೀನು ಹೊರಡು, ನಾನು ಕಾಯುತ್ತೇನೆ ಎಂದೆ. ಈಗ ಬಾತ್‌ರೂಮಿಗೆ ಅರ್ಜೆಂಟಿದೆ, ಕಾಯೋದು ನಾಳೆಯಿಂದ ಎಂದಳು.


ನವೆಂಬರ್ 14

ಕಾದೆ. ಹೊರಡಲಿಲ್ಲ. ಕೊನೆಗೆ ನಾನೇ ಎತ್ತಿದೆ. ಧೊಪ್.


ನವೆಂಬರ್ 26

ಧೊಪ್.


ಜನವರಿ 23, 2014. ಬೆಳಿಗ್ಗೆ, ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ

ಒಳಗೆ ಹೋಗಲು ಮನಸ್ಸಿಲ್ಲ. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಇಂದು ಬೆಳಿಗ್ಗೆಯೂ ಮಂಚದ ಅಂಚಿಗೆ ಕೂರಿಸಿ, ಬೆಲ್ಟ್ ಹಿಡಿದು, ಅವಳು ಮುಂದಕ್ಕೆ ಬಾಗಲಿ ಎಂದು ಕಾದೆ. ಬಾಗುತ್ತಾಳೆ, ಅರ್ಧಕ್ಕೆ ನಿಲ್ಲುತ್ತಾಳೆ, ನನ್ನ ಮುಖ ನೋಡುತ್ತಾಳೆ. ಮತ್ತೆ ಬಾಗುತ್ತಾಳೆ, ನಿಲ್ಲುತ್ತಾಳೆ. ಫೋನ್ ಬಡಿದುಕೊಳ್ಳುತ್ತಿತ್ತು. ತಾಳ್ಮೆ ಹೋಯಿತು. ಜೋರಾಗಿ ಅಂದುಬಿಟ್ಟೆ — ಒಂದು ಸಲ ಬೀಳಿಸಿದೆ, ನಿಜ, ಅದಕ್ಕೆ ಎಷ್ಟು ತಿಂಗಳು ಶಿಕ್ಷೆ? ನನ್ನ ಕೈ ನಂಬದಿದ್ದರೆ ನಂಬುವವರನ್ನು ಕರೆಸೋಣ.

ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ನಂಬಿಕೆ ಇಲ್ದೆ ಅಲ್ಲ ರೀ. ನಿಮ್ಮ ಕೈ ನಡುಗುತ್ತೆ. ಗರಾಜಲ್ಲಿ ಬಿದ್ದ ದಿನಾನೂ ನಡುಗ್ತಿತ್ತು. ಹಿಂದಿನ ರಾತ್ರಿ ನೀವು ಮಲಗೇ ಇರ್ಲಿಲ್ಲ. ನಿಮಗೆ ಭಾರ ಆಗ್ಬಾರ್ದು ಅಂತ ಉಸಿರು ಬಿಗಿಹಿಡೀತೀನಿ."

 ಬಾಯಿಗೆ ಬಂದದ್ದು ಇಷ್ಟೇ — "ಕೊಕ್ಕರೆ ಹೇಳಿದ್ದು ಅದೇನಾ?"

"ಅದೇ. ಅವತ್ತೇ ಗೊತ್ತಾಯ್ತು. ಆದ್ರೆ ಬಿಡೋಕೆ ಬರ್ತಿಲ್ಲ."

ಹಿಂದೆ ತಿರುಗಿ ನೋಡುವುದೂ ಅದಕ್ಕೇ ಅಂತೆ. ಕುರ್ಚಿ ಎಷ್ಟು ದೂರ, ಇವರು ಇನ್ನೆಷ್ಟು ಹೊತ್ತು ಹೊರಬೇಕು ಎಂದು. ಐದು ತಿಂಗಳು ನನ್ನನ್ನು ಕಳ್ಳನಂತೆ ನೋಡುತ್ತಿದ್ದಾಳೆಂದು ನಾನು ಒಳಗೊಳಗೇ ಕುದಿದೆ. ಅವಳು ನೋಡುತ್ತಿದ್ದದ್ದು ನನ್ನ ಸುಸ್ತನ್ನು.

ಆಮೇಲೆ ಇಬ್ಬರೂ ಮಂಚದ ಮೇಲೆ ಪಕ್ಕ ಪಕ್ಕ ಕೂತೆವು. ಭಾರ ಹಾಕು ವಸು, ಪೂರ್ತಿ ಹಾಕು, ಹೆಚ್ಚೆಂದರೆ ಇಬ್ಬರೂ ಬೀಳುತ್ತೇವೆ ಎಂದೆ. ಕೆಳಗೆ ಕಾರ್ಪೆಟ್ ಇದೆ ಎಂದಳು. ಹಾಕಿದಳು. ನಿಜಕ್ಕೂ ಭಾರ. ಆದರೆ ಹೊರಬಹುದಾದ ಭಾರ. ಕುರ್ಚಿಗೆ ಕೂತದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಧೊಪ್ ಎನ್ನಲಿಲ್ಲ, ಅಷ್ಟೇ.

ಮೀಟಿಂಗ್ ತಪ್ಪಿತು. ತಪ್ಪಲಿ.


ಮಾರ್ಚ್ 30

ಆನ್-ಕಾಲ್‌ನಿಂದ ಹೆಸರು ತೆಗೆಯಿರಿ ಎಂದು ಮ್ಯಾನೇಜರಿಗೆ ಹೇಳಿದ್ದೆ. ಮುಖ ಗಂಟು ಹಾಕಿಕೊಂಡು ಒಪ್ಪಿದ. ಆದರೂ ಸುಸ್ತು ಹೋಗಿಲ್ಲ. ವರ್ಷಗಳದ್ದು, ಒಂದು ವಾರದಲ್ಲಿ ಹೋದೀತೇ?

ವಸು ಈಗ ಹಿಂದೆ ತಿರುಗುವುದಿಲ್ಲ. ಒಮ್ಮೊಮ್ಮೆ ತಿರುಗುತ್ತಾಳೆ. ತಿರುಗಿದ್ದು ನೆನಪಾಗಿ ನಗುತ್ತಾಳೆ.

ಸಂಜೆ ಚಪಾತಿ ತಿನ್ನುತ್ತಾ, "ಜೂನ್ ಟಿಕೆಟ್ ಎರಡೂ ಇಟ್ಕೊಳಿ, ಯಾರಿಗೂ ಕೊಡ್ಬೇಡಿ" ಎಂದಳು. ಪಲ್ಯ ಬಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.


ಜೂನ್ 8. ಭಾನುವಾರ, ಮಧ್ಯಾಹ್ನ

ಇನ್ನೊಂದು ಗಂಟೆಗೆ ಹೊರಡಬೇಕು. ಮೈಸೂರು ರೇಷ್ಮೆ ಉಟ್ಟಿದ್ದಾಳೆ. ವೇದಾ ಬಂದು ನೆರಿಗೆ ಹಿಡಿದು ಉಡಿಸಿದರು. ಬೆಲ್ಟನ್ನು ಸೀರೆಯ ಮೇಲೆ ಕಟ್ಟಿದರೆ ಅಸಹ್ಯ ಎಂದಳು, ಅದರ ಮೇಲೊಂದು ಶಾಲು.

ನಾನು ಎರಡು ಲೋಟ ಡಿಕಾಕ್ಷನ್ ಕಾಫಿ ಕುಡಿದಿದ್ದೇನೆ. ಇಂದು ಒಂದು ರೆಪ್ಪೆಯನ್ನೂ ಮುಚ್ಚುವುದಿಲ್ಲ. ಹತ್ತು ವರ್ಷದ ನಿದ್ದೆಗೆ ಇವತ್ತು ಪ್ರಾಯಶ್ಚಿತ್ತ. ಇಳಿಸುವುದನ್ನು ನೋಡಿಯೇ ತೀರುತ್ತೇನೆ. ಗರಾಜಿನಲ್ಲಿ ಕಾರಿಗೆ ಹತ್ತಿಸುವುದೊಂದೇ ಭಯ. ಅದೇ ಜಾಗ.


ಜೂನ್ 9. ಸೋಮವಾರ, ಬೆಳಿಗ್ಗೆ 6:15

ಗರಾಜಿನಲ್ಲಿ ಏನೂ ಆಗಲಿಲ್ಲ. ಅವಳು ಹೊರಟಳು, ನಾನು ಜೊತೆಗಿದ್ದೆ.

ಥಿಯೇಟರಿನಲ್ಲಿ ದಾರಿ ತೋರಿಸುವ ಹುಡುಗ ಹಿಂದಿನ ವೀಲ್‌ಚೇರ್ ಜಾಗಕ್ಕೆ ಕರೆದ. ಒಳ್ಳೆಯವನೇ, ಪಾಪ. ನನಗೆ ನನ್ನ ಸೀಟಿದೆ ಎಂದಳು ವಸು. ಸಾಲಿನ ತುದಿಗೆ ಕುರ್ಚಿ ನಿಲ್ಲಿಸಿದೆ. ಅಷ್ಟು ಜನ ನೋಡುತ್ತಿದ್ದರು. ಕಾದೆ. ನನ್ನ ಹೆಗಲಿಗೆ ಹಣೆ ಇಟ್ಟು ಹೊರಟಳು. ತಿರುಗಿದೆವು. ಕೂತಳು. ಸೀರೆಯ ಸರಬರ ಬಿಟ್ಟರೆ ಸದ್ದಿಲ್ಲ. ಹಿಂದೆ ತಿರುಗಿ ನೋಡಲಿಲ್ಲ. ಹಸಿರು ಸ್ವೆಟರ್ ಅಜ್ಜಿ ವಸುವಿನ ಕೆನ್ನೆ ಮುಟ್ಟಿ, ನಿನ್ನ ಗಂಡನನ್ನು ಎಬ್ಬಿಸಿ ಎಬ್ಬಿಸಿ ನನ್ನ ಕೈ ಸೋತಿತು ಎಂದಳು. ತನ್ನ ಗಂಡ ಬದುಕಿದ್ದಾಗ ಈ ಜೋಡಿಯ ಮೊದಲ ವರ್ಷ ನೋಡಿದ್ದಳಂತೆ. ಇಂದು ಅವನ ಪಾಲಿನದ್ದೂ ನಾನೇ ನೋಡಬೇಕು ಎಂದಳು.

ದೀಪ ಆರಿತು. ಪಿಟೀಲು ಶುರುವಾಯಿತು. ಕೆಲಸವೆಲ್ಲ ಮುಗಿದ ಹಾಗೆ ಮೈಯೆಲ್ಲ ಸಡಿಲವಾದದ್ದು ನೆನಪಿದೆ. ಮತ್ತೇನೂ ನೆನಪಿಲ್ಲ.

ಕಣ್ಣು ಬಿಟ್ಟಾಗ ಇಡೀ ಥಿಯೇಟರ್ ಎದ್ದು ನಿಂತಿತ್ತು. ಚಪ್ಪಾಳೆ ನಿಲ್ಲುತ್ತಲೇ ಇಲ್ಲ. ವೇದಿಕೆಯ ತುಂಬ ಹೂವು. ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. ಕೊಕ್ಕರೆಯೂ ಕಂಬವೂ ಕೈ ಹಿಡಿದು ನಿಂತಿದ್ದರು, ಸುಮ್ಮನೆ, ಏನು ಮಾಡಬೇಕೋ ತಿಳಿಯದವರಂತೆ. ನಿಂತವರ ನಡುವೆ ಕೂತಿದ್ದವರು ನಾವಿಬ್ಬರೇ. ನನ್ನ ಮೇಲೆ ವಸುವಿನ ಶಾಲು ಹೊದೆಸಿತ್ತು. ಅವಳ ಮುಖವೆಲ್ಲ ಒದ್ದೆ. ಅಜ್ಜಿಯ ಪ್ರೋಗ್ರಾಂ ಸುರುಳಿ ಅವಳ ಮಡಿಲಲ್ಲಿತ್ತು. ನನ್ನನ್ನು ತಿವಿಯದಿರಲಿ ಎಂದು ಕಿತ್ತುಕೊಂಡಿದ್ದಾಳೆ!

ಸಿಟ್ಟು ಬಂತು. ಅಳುವೂ ಬಂತು. ಯಾಕೆ ಎಬ್ಬಿಸಲಿಲ್ಲ ಎಂದೆ.

"ಎಷ್ಟು ಚೆನ್ನಾಗಿ ಮಲಗಿದ್ರಿ ಗೊತ್ತಾ? ಕೈ ನಡುಗ್ತಾನೇ ಇರ್ಲಿಲ್ಲ. ನಿಮ್ಮದನ್ನೂ ನಾನೇ ನೋಡಿದೀನಿ ಬಿಡಿ."

ವಾಪಸು ಬರುತ್ತಾ ಸೇತುವೆ ದಾಟುವಾಗ ಇನ್ನೂ ಬೆಳಕಿತ್ತು. ಕೆರೆ ನೋಡುತ್ತಾ ಕೂತಿದ್ದಳು. ಈ ಸಲ ಕೇಳಿದ್ದು ನಾನು — "ಇಳಿಸಿದ್ದು ಹೇಗಿತ್ತು?"

ಬಾಯಲ್ಲಿ ಹೇಳಲು ಬರುವುದಿಲ್ಲ, ಬೆಳಿಗ್ಗೆ ನೀವು ಕುರ್ಚಿಗೆ ಇಳಿಸುವಾಗ ತೋರಿಸುತ್ತೇನೆ ಎಂದಳು.

ಬೆಳಿಗ್ಗೆಯಾಗಿದೆ. ಕಾಫಿ ಇಳಿಯುತ್ತಿದೆ. ಸೊಂಟ ಇನ್ನೂ ಹಿಡಿದೇ ಇದೆ. ವಸುವಿಗೆ ಎಚ್ಚರವಾದ ಸದ್ದು ಕೇಳಿತು. ರೀ ಎಂದು ಕರೆಯುತ್ತಿದ್ದಾಳೆ, ಹೋಗಿ ನೋಡಿಕೊಂಡು ಬರುತ್ತೇನೆ.