ಅಮ್ಮ ಬಿಟ್ಟುಕೊಡದ ರೀಲುಗಳು

ಅಪ್ಪಾ,

ಇವತ್ತು ಮನೆಯಲ್ಲೊಂದು ತಮಾಷೆ ನಡೆಯಿತು, ಕೇಳು.

ಹುಳುವಿನಂತೆ ಕಾಣುವ ಪುಕ್ಕದ ಗಾಳ ಹಾಕಿ ಮೀನು ಹಿಡಿಯಲೆಂದು ನೀನು ಜೀವಮಾನವಿಡೀ ಕೂಡಿಟ್ಟ, ದಾರ ಸುತ್ತುವ ರೀಲುಗಳನ್ನೆಲ್ಲ ನಿಮ್ಮ ಗಾಳದ ಸಂಘಕ್ಕೆ ಕೊಟ್ಟುಬಿಡೋಣ ಎಂದವಳು ಅಮ್ಮನೇ. ನೀನು ತೀರಿಕೊಂಡ ಮೇಲೆ ಅವನ್ನು ತಿರುಗಿಸುವವರೂ ಇಲ್ಲ, ಕಪಾಟು ಖಾಲಿಯಾದರೆ ಹೊದಿಕೆಗಳನ್ನಾದರೂ ಇಡಬಹುದಂತೆ. ಸಂಘದ ಕಾರ್ಯದರ್ಶಿ ದೊಡ್ಡ ಚೀಲ ಹಿಡಿದು ಬಂದರು. ಬಂದವರು ಸುಮ್ಮನೆ ತುಂಬಿಕೊಳ್ಳಬಾರದೇ? ಒಂದನ್ನು ಎತ್ತಿಕೊಂಡು ಅದರ ಹಿಡಿ ತಿರುಗಿಸಿದರು. ಅದು ಕಿರ್ರೆಂದಿತು.

"ಅದು ಇಲ್ಲೇ ಇರಲಿ," ಅಡುಗೆಮನೆಯಿಂದ ಅಮ್ಮ ಕೂಗಿದಳು. "ಅವರು ಬರಿಗೈಲಿ ಬಂದ ದಿನ ತಿರುಗಿಸ್ತಿದ್ದದ್ದು."

ಇನ್ನೊಂದನ್ನು ತಿರುಗಿಸಿದರು.

"ಅದೂ ಬೇಡ. ಅದು ನನ್ನ ಹತ್ರ ಜಗಳ ಆದಾಗಿನದು."

ಅಮ್ಮ ಹೊರಗೆ ಬಂದು ನೋಡಲೇ ಇಲ್ಲ. ಸದ್ದು ಕೇಳಿಯೇ ಒಂದೊಂದರ ಗುರುತು ಹೇಳಿದಳು. ಅವಳಿಗೆ ಕಿರಿಕಿರಿಯಾದೀತೆಂದು ನೀನು ಬಾಗಿಲು ಹಾಕಿಕೊಂಡು ತಿರುಗಿಸುತ್ತಿದ್ದೆ. ಅವಳು ಆಚೆ ಕಡೆ ಕಿವಿಗೊಟ್ಟು ನಿಂತಿರುತ್ತಿದ್ದಳು.

"ಅಕ್ಕಾ, ಹೀಗಾದ್ರೆ ನಾನು ಖಾಲಿ ಚೀಲಾನೇ ಹೊತ್ಕೊಂಡು ಹೋಗ್ಬೇಕು" ಎಂದರು ಕಾರ್ಯದರ್ಶಿ.

"ಸದ್ದೇ ಮಾಡದ್ದು ಒಂದಿದೆಯಲ್ಲ, ಅದನ್ನ ತಗೊಂಡು ಹೋಗಪ್ಪ. ಅದರ ಪರಿಚಯ ನನಗಿಲ್ಲ."

ನೀನು ಎಲ್ಲಕ್ಕಿಂತ ಜೋಪಾನವಾಗಿಟ್ಟಿದ್ದ ಹೊಸ ರೀಲು ಅದೇ. ಬೇಜಾರು ಮಾಡಿಕೊಳ್ಳಬೇಡ. ಅವರು ಅದೊಂದನ್ನೇ ಚೀಲಕ್ಕೆ ಹಾಕಿಕೊಂಡು ನಗುತ್ತ ಹೋದರು.

ಆಮೇಲೆ ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಕಪಾಟಿನ ಮುಂದೆ ಕೂತಳು. ಒಂದು ರೀಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಇಷ್ಟು ವರ್ಷಗಳಲ್ಲಿ ಅವಳು ಒಂದನ್ನೂ ಮುಟ್ಟಿರಲಿಲ್ಲ.

"ದಾರ ಒಳಗೆ ಬರಬೇಕಾದ್ರೆ ಇದನ್ನ ಯಾವ ಕಡೆಗೆ ತಿರುಗಿಸೋದೇ?" ಎಂದು ನನ್ನನ್ನು ಕೇಳಿದಳು.

ನನಗೂ ಗೊತ್ತಿರಲಿಲ್ಲ ಅಪ್ಪಾ. ಇಬ್ಬರೂ ಸೇರಿ ಎರಡೂ ಕಡೆಗೆ ತಿರುಗಿಸಿ ನೋಡಿದೆವು.