ಭಾವ ಬೆಳೆಸಿದ ಹವಳ

ಅಕ್ಕಾ,

ಗಾಬರಿಯಾಗಬೇಡ, ಹವಳ ಬದುಕಿತು! ನೀನು ಮಗಳ ಮನೆಗೆ ಹೊರಟ ವಾರದಲ್ಲೇ ಗಾಜಿನ ತೊಟ್ಟಿಯೊಳಗೆ ಹಳದಿ ಸ್ಪಂಜು, ಅದೇ ಕಲ್ಲಿಗಂಟಿ ಹಬ್ಬುವ ಕಡಲಜೀವಿ, ದಂಡೆತ್ತಿ ಬಂತು. ಭಾವ ಹೆಬ್ಬೆರಳುದ್ದದ ಚೂರಿನಿಂದ ಬೆಳೆಸಿದ ಹವಳವನ್ನು ಕತ್ತಿನವರೆಗೆ ಆವರಿಸಿತು. ಮೀನಿನ ಅಂಗಡಿಯವನಿಗೆ ಫೋನಿನಲ್ಲಿ ಗರ್ಜಿಸಿದೆ.

“ಕಿರುಚಬೇಡಿ ಸಾರ್, ಕಿವಿ ಹೋಯ್ತು! ತೊಟ್ಟಿ ನೀರನ್ನೇ ಬಕೆಟ್ಟಿಗೆ ತುಂಬಿ, ಅದರೊಳಗೆ ಹವಳ ಇಟ್ಟು ಬ್ರಷ್ಷಲ್ಲಿ ಮೆಲ್ಲಗೆ ಉಜ್ಜಿ,” ಅಂದ.

ರಾಕ್ಷಸರ ಪಾತ್ರದಲ್ಲಿ ಗದೆ ತಿರುಗಿಸಿದ ಈ ಕೈ ಹೂವಿನ ಧೂಳು ಒರೆಸಿದಂತೆ ಉಜ್ಜಿತು. ಇಂದು ಬೆಳಿಗ್ಗೆ ಹವಳದ ಪುಟ್ಟ ಬಾಯಿಗಳೆಲ್ಲ ಅರಳಿವೆ. ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆ!

ಒಂದು ತಪ್ಪು ಒಪ್ಪಿಕೊಳ್ಳಬೇಕು. ಸಿಕ್ಕಿದ ಮೆತ್ತನೆಯ ಬ್ರಷ್ ಒಂದೇ: ಭಾವ ತೀರಿಕೊಂಡ ಮೇಲೂ ನೀನು ಬಚ್ಚಲಿನ ಲೋಟದಿಂದ ತೆಗೆಯದ ಆ ನೀಲಿಯದು. ತೊಳೆದು ಅಲ್ಲೇ ಇಟ್ಟಿದ್ದೇನೆ. ಬಂದವಳು ಮೊದಲು ತೊಟ್ಟಿ ನೋಡು, ಆಮೇಲೆ ಬೈ.

ನಿನ್ನ ಬಾಯಿಬಡುಕ ತಮ್ಮ